ಮೀನಿನಕ್ಕನ ಬಲಗೈ

ಅವರ ಬಲಗೈಯ ಬೆನ್ನಿನ ಮೇಲೆ ಇದ್ದದ್ದು ಹೊಟ್ಟೆಯ ಚರ್ಮ. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತರು ಆ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಇದು ಮೈಯ ಯಾವ ಕಡೆಯದು ಹೇಳಿ ನೋಡುವಾ ಎಂದು ತಾವೇ ಕೇಳುತ್ತಿದ್ದರು. ಕೇಳಿಸಿಕೊಂಡವರು ತಬ್ಬಿಬ್ಬಾಗಿ ತೊಡೆ ಎನ್ನುತ್ತಿದ್ದರು, ಬೆನ್ನು ಎನ್ನುತ್ತಿದ್ದರು. ಸರಿಯಾದ ಉತ್ತರವನ್ನು ಅಕ್ಕ ಇಳಿಯುವ ಸ್ಟಾಪು ಬಂದ ಮೇಲೆಯೇ ಹೇಳುವುದು.

ಹೆಸರು ಹಿಡಿದು ಅವರನ್ನು ಕರೆದವರು ಕಡಿಮೆ. ಮಾರುಕಟ್ಟೆಯಲ್ಲಿ ಅವರು ಅಕ್ಕ, ನಮ್ಮ ವಾರ್ಡಿನಲ್ಲಿ ಮೀನಿನಕ್ಕ. ನಾನು ಕುಂದಾಪುರದ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ಹುಟ್ಟಿದ್ದು ಬಸ್ರೂರಿನಲ್ಲಿ, ಮದುವೆಯಾಗಿ ಹೋದದ್ದು ಬ್ರಹ್ಮಾವರಕ್ಕೆ. ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು. ಅಕ್ಕ ತ್ರಾಸಿಯವರು. ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು ತಂದು ಕುಂದಾಪುರದಲ್ಲಿ ಮಾರುತ್ತಿದ್ದರು.

ಕಳೆದ ತಿಂಗಳು ಅವರು ತೀರಿಕೊಂಡರು. ಮಧ್ಯಾಹ್ನ ಬಂಗುಡೆ ಸಾರಿನಲ್ಲಿ ಉಂಡು ಜಗಲಿಯಲ್ಲಿ ಚಾಪೆ ಹಾಕಿ ಮಲಗಿದವರು ಸಂಜೆಯ ಚಹಾಕ್ಕೆ ಏಳಲಿಲ್ಲ. ಸುದ್ದಿ ವಾರ್ಡಿಗೆ ಬಂದಾಗ ಎಲ್ಲರೂ ಕೆಲಸ ಬಿಟ್ಟು ಒಂದೆಡೆ ಸೇರಿದೆವು. ಆಮೇಲೆ ನಮ್ಮ ಆಯಾ ಒಬ್ಬರು, ಅಕ್ಕ ಡಾಕ್ಟರನ್ನು ಅಣಕಿಸುತ್ತಿದ್ದ ರೀತಿಯನ್ನು ಮಾಡಿ ತೋರಿಸಿದರು. ಕಣ್ಣು ಒರೆಸಿಕೊಳ್ಳುತ್ತಿದ್ದವರೇ ನಕ್ಕರು. ಅವರನ್ನು ನೆನೆದುಕೊಂಡು ತುಂಬ ಹೊತ್ತು ಮುಖ ಸಪ್ಪಗೆ ಮಾಡಿಕೊಂಡಿರುವುದು ಕಷ್ಟದ ಕೆಲಸ.

ನಾನು ಅವರನ್ನು ಮೊದಲು ಕಂಡ ದಿನ ಮಾತ್ರ ನಗುವಂಥದ್ದು ಏನೂ ಇರಲಿಲ್ಲ. ಬಂದರಿನಲ್ಲಿ ಐಸ್ ಪುಡಿ ಮಾಡುವ ಯಂತ್ರ ಇರುತ್ತದಲ್ಲ, ಆ ದಿನ ಅದರ ಬಾಯಲ್ಲಿ ಗಡ್ಡೆಯೊಂದು ಸಿಕ್ಕಿಕೊಂಡಿತ್ತು. ಯಂತ್ರದವನು ಬರುವವರೆಗೆ ಕಾಯುವ ತಾಳ್ಮೆ ಅಕ್ಕನಿಗೆ ಇರಲಿಲ್ಲ. ಬಿಸಿಲು ಏರುತ್ತಿದೆ, ಮೀನು ಬುಟ್ಟಿಯಲ್ಲಿದೆ. ಕೈ ಹಾಕಿ ಗಡ್ಡೆಯನ್ನು ದೂಡಿದರು. ಗಡ್ಡೆ ಸರಿಯಿತು, ಕೈ ಒಳಗೆ ಹೋಯಿತು. ಇಬ್ಬರು ಲೋಡಿನವರು ಮೀನಿನ ಟೆಂಪೋದಲ್ಲಿ ಅವರನ್ನು ಕರೆದುಕೊಂಡು ಬಂದಾಗ ಬಲಗೈಗೆ ಅವರದೇ ಸೆರಗು ಸುತ್ತಿತ್ತು. ಬಿಚ್ಚಿ ನೋಡಿದರೆ ಕಿರುಬೆರಳು ಇರಲಿಲ್ಲ. ಉಳಿದ ಬೆರಳುಗಳು ಇದ್ದವು, ಆದರೆ ಮಣಿಕಟ್ಟಿನಿಂದ ಬೆರಳಿನ ಬುಡದವರೆಗೆ ಕೈಯ ಬೆನ್ನಿನ ಚರ್ಮ ಪೂರ್ತಿ ಹೋಗಿತ್ತು. ಅಡುಗೆಮನೆಯಲ್ಲಿ ಕೋಳಿ ಕಾಲಿನಲ್ಲಿ ಕಾಣುತ್ತದಲ್ಲ, ಆ ಥರದ ಬಿಳಿ ಹುರಿಗಳು ಕಾಣುತ್ತಿದ್ದವು. ಆ ಹುರಿಗಳೇ ಬೆರಳನ್ನು ಎತ್ತಿ ಇಳಿಸುವುದು.

ನಮ್ಮಲ್ಲಿಗೆ ಬರುತ್ತಿದ್ದ ಪ್ಲಾಸ್ಟಿಕ್ ಸರ್ಜನ್ ಧಾರವಾಡ ಕಡೆಯವರು. ಕುಂದಾಪುರದ ಮಾತು ಅವರಿಗೆ ಆಗ ಅರ್ಧ ತಿಳಿಯುತ್ತಿತ್ತು, ಅರ್ಧಕ್ಕೆ ನನ್ನ ಮುಖ ನೋಡುತ್ತಿದ್ದರು. ಅವರು ಯಾವ ಡಾಕ್ಟರು ಎಂದು ಕೇಳಿ ತಿಳಿದುಕೊಂಡ ಅಕ್ಕ, ಆ ನೋವಿನಲ್ಲೂ ಒಂದು ಷರತ್ತು ಹಾಕಿದರು.

"ಪ್ಲಾಸ್ಟಿಕ್ ಹಾಕುದಾರೆ ಗಟ್ಟಿದ್ ಕಂಡ್ ಹಾಕಿ ಡಾಕ್ಟ್ರೇ. ನಾನ್ ದಿನಾ ಐಸಿಗ್ ಕೈ ಹಾಕುವಳ್. ಒಡ್ದ್ ಹೋಪ್ದ್ ಬ್ಯಾಡ."

ಡಾಕ್ಟರು ನನ್ನತ್ತ ನೋಡಿದರು. ನಾನು ಹೇಳಿದೆ. ಅವರು ಅಲ್ಲೇ ಸ್ಟೂಲು ಎಳೆದುಕೊಂಡು ಕೂತು, ಪ್ಲಾಸ್ಟಿಕ್ಕಿಗೂ ತಮ್ಮ ಕೆಲಸಕ್ಕೂ ಸಂಬಂಧವಿಲ್ಲವೆಂದು ಬಿಡಿಸಿ ಹೇಳಿದರು. ಮೇಲುಮೇಲಿನ ಗಾಯವಾದರೆ ತೊಡೆಯಿಂದ ತೆಳ್ಳಗೆ ಚರ್ಮ ತೆಗೆದು ಅಂಟಿಸಬಹುದಿತ್ತು. ಅದು ಹಿಡಿಯಬೇಕಾದರೆ ಅಡಿಯಲ್ಲಿ ರಕ್ತ ಓಡಾಡುವ ಮಾಂಸ ಬೇಕು. ಇಲ್ಲಿರುವುದು ಎಲುಬು ಮತ್ತು ಹುರಿ ಮಾತ್ರ. ಹಾಗಾಗಿ ಕೊಬ್ಬು, ರಕ್ತನಾಳ ಎಲ್ಲ ಸೇರಿದ ದಪ್ಪ ಚರ್ಮವೇ ಆಗಬೇಕು. ಕೆಳಹೊಟ್ಟೆಯ ಚರ್ಮವನ್ನು ಮೂರು ಬದಿ ಬಿಡಿಸಿ, ಒಂದು ಬದಿಯನ್ನು ಇದ್ದ ಹಾಗೆಯೇ ಬಿಟ್ಟು, ಕೈಯನ್ನು ಅಲ್ಲಿಗೆ ತಂದು ಹೊಲಿಯುವುದು. ಕೈಯಿಂದ ಹೊಸ ರಕ್ತನಾಳ ಬೆಳೆಯುವವರೆಗೆ ಹೊಟ್ಟೆಯೇ ಆ ಚರ್ಮವನ್ನು ಸಾಕುತ್ತದೆ. ಮೂರು ವಾರದ ಮೇಲೆ ಕತ್ತರಿಸಿ ಬೇರೆ ಮಾಡಿದರಾಯಿತು. ಇದಕ್ಕೆ ಫ್ಲಾಪ್ ಎನ್ನುತ್ತಾರೆ.

ಆ ಕೊನೆಯ ಪದವೇ ಎಡವಟ್ಟು ಮಾಡಿದ್ದು. ಅಕ್ಕನ ಮಗ ಮೀನಿನ ಬೋಟಿಗೆ ಹೋಗುವವನು, ಆಗಷ್ಟೇ ದಡಕ್ಕೆ ಬಂದು ಆಸ್ಪತ್ರೆಗೆ ಓಡಿ ಬಂದಿದ್ದ. ವಾರ್ಡಿನ ಬಾಗಿಲಲ್ಲಿ ಅವನ ಕಿವಿಗೆ ಬಿದ್ದದ್ದು ಅದೊಂದೇ ಪದ. ಫ್ಲಾಪ್ ಎಂದರೆ ಓಡದ ಸಿನಿಮಾ ಎಂದಷ್ಟೇ ಅವನಿಗೆ ಗೊತ್ತು. ತಾಯಿಯನ್ನು ಅಬ್ಬಿ ಎಂದು ಕರೆಯುವವನು, ಕಾರಿಡಾರಿನಲ್ಲಿ ನಿಂತು ಮನೆಗೆ ಫೋನು ಮಾಡಿ, ಅಬ್ಬಿಯ ಆಪರೇಶನ್ ಫ್ಲಾಪ್ ಅಂತೆ ಎಂದು ಅತ್ತುಬಿಟ್ಟ. ಆಪರೇಶನ್ ಇನ್ನೂ ಶುರುವೇ ಆಗಿರಲಿಲ್ಲ. ಅಷ್ಟರಲ್ಲಿ ತ್ರಾಸಿಯಿಂದ ರಿಕ್ಷಾ ತುಂಬ ಜನ ಬಂದು ಇಳಿದು ಗೋಳೋ ಎಂದರು. ಅವರನ್ನೆಲ್ಲ ಸಮಾಧಾನ ಮಾಡುವ ಕೆಲಸ ಕೊನೆಗೆ ಸ್ಟ್ರೆಚರಿನ ಮೇಲಿದ್ದ ಅಕ್ಕನ ಪಾಲಿಗೇ ಬಂತು. ಅಂದಿನಿಂದ ಆ ಪದಕ್ಕೆ ಅವರು ನಿಷೇಧ ಹಾಕಿದರು. ಅವರ ಬಾಯಲ್ಲಿ ಅದು ತೇಪೆ ಆಯಿತು, ಅವರ ಮಾತಿನಲ್ಲಿ ತೇಪಿ. ಈಗ ನಮ್ಮ ವಾರ್ಡಿನಲ್ಲಿ ಡಾಕ್ಟರೂ ಹಾಗೆಯೇ ಹೇಳುತ್ತಾರೆ.

ಹೊಟ್ಟೆಗೆ ಕೈ ಹೊಲಿಸಿಕೊಂಡು ಅವರು ವಾರ್ಡಿನಲ್ಲಿ ಓಡಾಡುವುದನ್ನು ನೋಡಬೇಕಿತ್ತು. ದೂರದಿಂದ ಕಂಡವರಿಗೆ ಸೊಂಟದಲ್ಲಿ ಎಲೆಯಡಿಕೆಯ ಸಂಚಿ ಹುಡುಕುತ್ತಿದ್ದಾರೆ ಎನಿಸಬೇಕು. ಮೊದಲ ದಿನಗಳಲ್ಲಿ ಊಟದ್ದೇ ತಕರಾರು. ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಹಟ ಹಿಡಿದರು. ಚಮಚ ಕೊಟ್ಟರೆ, ಅದೂ ಎಡಗೈಯಲ್ಲೇ ಹಿಡಿಯುವುದಲ್ಲವೇ ಎಂದರು. ನಾನೇ ಗಂಜಿ ಉಣಿಸಿದೆ. ಉಣ್ಣುತ್ತ, ಗಂಜಿಗೆ ಉಪ್ಪಿಲ್ಲ, ಉಪ್ಪಿನಕಾಯಿಗೆ ಖಾರವಿಲ್ಲ, ಸಿಸ್ಟರಿಗೆ ತುತ್ತು ಕೊಟ್ಟು ಅಭ್ಯಾಸವಿಲ್ಲ ಎಂದು ಒಂದೊಂದಾಗಿ ಹೇಳುತ್ತಿದ್ದರು. ಬ್ಯಾಂಡೇಜು ಬದಲಿಸುವಾಗ ಕೈಯ ಮೇಲಿನ ಆ ಚರ್ಮವನ್ನು ನಾನು ಮುಟ್ಟಿದರೆ, ಮುಟ್ಟಿದ್ದು ಹೊಟ್ಟೆಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಪಕ್ಕದ ಹಾಸಿಗೆಯವರಿಗೆಲ್ಲ ಅದೊಂದು ಸೋಜಿಗ.

ಡಾಕ್ಟರಿಗೆ ಒಂದು ಅಭ್ಯಾಸ. ಬಂದ ಕೂಡಲೇ ತೇಪೆಯ ಮೇಲೆ ಬೆರಳೂರಿ ಒತ್ತಿ ಬಿಡುವರು. ಬಿಳಿಚಿದ ಜಾಗಕ್ಕೆ ಮತ್ತೆ ಕೆಂಪು ಬಂದರೆ ಜೀವ ಇದೆ ಎಂದು ಅರ್ಥ. ಅವರು ಇಲ್ಲದ ಹೊತ್ತಿನಲ್ಲಿ ನಾವೂ ಹಾಗೆಯೇ ಒತ್ತಿ ನೋಡಬೇಕು. ಮೀನು ಕೊಳ್ಳಲು ಬಂದವರು ಬೆರಳಲ್ಲಿ ಒತ್ತಿ ಒತ್ತಿ ನೋಡುವುದನ್ನು ಜೀವಮಾನವಿಡೀ ಕಂಡ ಅಕ್ಕನಿಗೆ ಇದು ಹೊಸದಾಗಿ ಕಾಣಲಿಲ್ಲ.

"ಎಷ್ಟ್ ಸಲ ಒತ್ತುದ್ ಡಾಕ್ಟ್ರೇ? ತಾಜಾ ಇತ್ತ್, ತಕಣಿ."

ಈ ಸಲ ಡಾಕ್ಟರು ನನ್ನ ಮುಖ ನೋಡಲಿಲ್ಲ. ಅವರಿಗೇ ಅರ್ಥವಾಗಿತ್ತು. ನಗುತ್ತ ಮುಂದಿನ ಹಾಸಿಗೆಗೆ ಹೋದರು.

ಆದರೆ ಒಂದು ಬೆಳಿಗ್ಗೆ ಒತ್ತಿ ಬಿಟ್ಟಾಗ ಕೆಂಪು ಬರಲಿಲ್ಲ. ತೇಪೆಯ ತುದಿ ನೇರಳೆಯಾಗಿತ್ತು. ನಾನು ಫೋನು ಮಾಡಿದೆ, ಡಾಕ್ಟರು ಬಂದರು. ಬಿಗಿಯಾಗಿದ್ದ ಹೊಲಿಗೆಗಳನ್ನು ಬಿಡಿಸಿ, ಕೈಯಡಿಯ ದಿಂಬನ್ನು ಸರಿಸಿ ಇಟ್ಟು, ತುಂಬ ಹೊತ್ತು ಅಲ್ಲೇ ನಿಂತರು. ಆಮೇಲೆ, ಬಾಯಿಗೆ ಹೊಗೆಸೊಪ್ಪು ಹಾಕುತ್ತೀರಾ ಎಂದು ಕೇಳಿದರು. ಹೊಗೆಸೊಪ್ಪು ಸಣ್ಣ ರಕ್ತನಾಳಗಳನ್ನು ಹಿಂಡಿಬಿಡುತ್ತದೆ, ಬೇರೆ ಕಡೆಯಿಂದ ತಂದ ಚರ್ಮ ಅದನ್ನು ತಾಳುವುದಿಲ್ಲ ಎಂದು ಅವರು ಮೊದಲ ದಿನವೇ ಎಚ್ಚರಿಸಿದ್ದರು. ಅಕ್ಕ ಇಲ್ಲ ಎಂದರು. ಡಾಕ್ಟರು ಮತ್ತೆ ಕೇಳಲಿಲ್ಲ. ಸಂಜೆಯವರೆಗೆ ನೋಡೋಣ, ತುದಿ ಮಾತ್ರ ಹೋದರೆ ಪರವಾಗಿಲ್ಲ, ಪೂರ್ತಿ ಹೋದರೆ ಬೆರಳುಗಳನ್ನು ಉಳಿಸುವುದು ಕಷ್ಟ ಎಂದು ಹೇಳಿ ಹೋದರು.

ಅವರ ಹೆಜ್ಜೆಯ ಸದ್ದು ಕಾರಿಡಾರಿನಲ್ಲಿ ಮರೆಯಾದ ಮೇಲೆ ಅಕ್ಕ ಎಡಗೈಯಿಂದ ತಲೆದಿಂಬಿನ ಚೀಲದೊಳಗೆ ತಡಕಾಡಿ ಒಂದು ಸಣ್ಣ ಪೊಟ್ಟಣ ತೆಗೆದರು. ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಕಂಡದ್ದು ಆ ಒಂದೇ ಸಲ.

"ಇದನ್ ಹೊರ್ಗ್ ಬಿಸಾಡ್ ಸಿಸ್ಟ್ರೇ. ಡಾಕ್ಟ್ರಿಗ್ ಹೇಳ್ಬ್ಯಾಡ. ನಾನೇ ಹೇಳ್ತೆ."

ಹೇಳಿದರು. ಸಂಜೆ ಡಾಕ್ಟರು ಬರುವ ಹೊತ್ತಿಗೆ ತೇಪೆಯ ಹೆಚ್ಚಿನ ಭಾಗಕ್ಕೆ ಬಣ್ಣ ಮರಳಿತ್ತು. ತುದಿಯಲ್ಲಿ ಉಗುರಿನಷ್ಟಗಲದ ಪಟ್ಟಿ ಮಾತ್ರ ಕಪ್ಪಾಗಿ ಒಣಗಿ, ಮುಂದೆ ಉದುರಿ, ಬಿಳಿ ಕಲೆಯಾಗಿ ನಿಂತಿತು. ಆ ದಿನದ ಮೇಲೆ ಅಕ್ಕ ಹೊಗೆಸೊಪ್ಪು ಮುಟ್ಟಲಿಲ್ಲ. ಬೀಡಿ ಬಿಡಲೊಲ್ಲದ ರೋಗಿಗಳು ಸಿಕ್ಕಿದರೆ ಆ ಕಲೆಯನ್ನು ಬೆರಳಿಟ್ಟು ತೋರಿಸುತ್ತಿದ್ದರು. ನಾನು ಹೊಗೆಸೊಪ್ಪು ತಿಂದೆ, ಹೊಗೆಸೊಪ್ಪು ಇಷ್ಟನ್ನು ತಿಂದಿತು ಎನ್ನುತ್ತಿದ್ದರು.

ಕೈ ಬೇರೆಯಾದ ಮೇಲೆ ವ್ಯಾಯಾಮಕ್ಕೆಂದು ತಿಂಗಳುಗಟ್ಟಲೆ ಬಂದರು. ಗಟ್ಟಿಯಾಗಿದ್ದ ಬೆರಳುಗಳನ್ನು ಬಗ್ಗಿಸುವುದು ಆಪರೇಶನ್ನಿಗಿಂತ ಹೆಚ್ಚು ನೋವಿನ ಕೆಲಸ. ಬಯ್ಯುತ್ತ ಮಾಡಿದರು. ಆ ಅವಧಿಯಲ್ಲಿ ಮಾರುಕಟ್ಟೆಯ ದುಡಿಮೆ ಇಲ್ಲ, ಮನೆಯಲ್ಲಿ ಸೊಸೆ ಅಡುಗೆ ಚೆನ್ನಾಗಿ ಮಾಡುವವಳು. ಅಕ್ಕ ಮೈ ತುಂಬಿಕೊಂಡರು. ವಿಚಿತ್ರವೆಂದರೆ ಕೈಯ ಮೇಲಿನ ತೇಪೆಯೂ ಉಬ್ಬಿತು. ಅದು ಹೊಟ್ಟೆಯ ಕೊಬ್ಬು ತಾನೇ, ಎಲ್ಲಿಗೆ ಹೋದರೂ ತನ್ನ ಸ್ವಭಾವ ಬಿಡುವುದಿಲ್ಲ, ನೀವು ಇಳಿದರೆ ಅದೂ ಇಳಿಯುತ್ತದೆ ಎಂದರು ಡಾಕ್ಟರು. ಒಂದು ಊಟಕ್ಕೆ ಎರಡು ಹೊಟ್ಟೆ ಸಾಕುತ್ತಿದ್ದೇನೆ ಎಂದು ಅಕ್ಕ ಮಾರುಕಟ್ಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮತ್ತೆ ಬುಟ್ಟಿ ಹೊರಲು ಶುರುಮಾಡಿದ ಮೇಲೆ ಎರಡೂ ಇಳಿದವು. ಮೆಟ್ಟುಕತ್ತಿಯ ಮುಂದೆ ಕೂತು ಕಾಣೆ ಮೀನಿನ ಸಿಪ್ಪೆ ತೆಗೆದ ಮೊದಲ ದಿನ, ತೆಗೆದ ಮೀನನ್ನು ಡಾಕ್ಟರಿಗೆಂದು ತಂದುಕೊಟ್ಟರು. ಡಾಕ್ಟರು ಶುದ್ಧ ಸಸ್ಯಾಹಾರಿ. ಆ ಮೀನು ನನ್ನ ಮನೆಗೆ ಬಂತು.

ಇನ್ನೊಬ್ಬರಿಗೆ ಧೈರ್ಯ ಹೇಳುವ ಕೆಲಸ ಅವರಿಗೆ ಅಂಟಿಕೊಂಡದ್ದು ಆಕಸ್ಮಿಕವಾಗಿ. ಒಂದು ದಿನ ವ್ಯಾಯಾಮ ಮುಗಿಸಿ ಹೊರಟಿದ್ದಾಗ ವಾರ್ಡಿನಲ್ಲಿ ಗಲಾಟೆ. ಶಂಕರನಾರಾಯಣ ಕಡೆಯ ಕೃಷಿಕರೊಬ್ಬರ ಎರಡು ಬೆರಳನ್ನು ಹುಲ್ಲು ಕತ್ತರಿಸುವ ಯಂತ್ರ ಎಲುಬು ಕಾಣುವ ಹಾಗೆ ಸೀಳಿತ್ತು. ಕೈಯನ್ನು ಹೊಟ್ಟೆಗೆ ಹೊಲಿದುಕೊಂಡು ಊರವರ ಬಾಯಿಗೆ ಬೀಳುವುದಕ್ಕಿಂತ ಬೆರಳು ಕತ್ತರಿಸುವುದೇ ಲೇಸು ಎಂದು ಅವರು ಚಪ್ಪಲಿ ಹಾಕಿಕೊಂಡು ಹೊರಟೇ ನಿಂತಿದ್ದರು. ಅಕ್ಕ ಅಡ್ಡ ಬಂದರು.

"ಹ್ವಾಯ್, ಹೋಪ್ದ್ ಹೋಯ್ನಿ. ಅದ್ಕ್ ಮೊದ್ಲ್ ಇದ್ ಎಲ್ಲಿದ್ ಹೇಳಿ ಕಾಂಬ."

ಕೃಷಿಕರು ನಿಂತು ನೋಡಿದರು. ಬೆನ್ನು ಎಂದರು. ಅಲ್ಲ. ತೊಡೆ. ಅಲ್ಲ. ಕುತೂಹಲಕ್ಕೆ ಹಾಸಿಗೆಯ ತುದಿಯಲ್ಲಿ ಕೂತರು. ಹೊಟ್ಟೆಯದೆಂದು ಹೇಳಿದ ಅಕ್ಕ, ಅಲ್ಲಿನ ಕಲೆಯನ್ನೂ ತೋರಿಸುವ ಉತ್ಸಾಹದಲ್ಲಿ ಸೀರೆಗೆ ಕೈ ಹಾಕಿದ್ದರು, ನಾನು ಹಿಡಿದು ನಿಲ್ಲಿಸಿದೆ. ಕೃಷಿಕರು ನಕ್ಕರು. ಚಪ್ಪಲಿ ಕಳಚಿದರು. ಮರುದಿನ ಆಪರೇಶನ್ ಆಯಿತು.

ಆಮೇಲೆ ಹೆದರಿ ಹಿಂದೆಗೆಯುವ ರೋಗಿ ಬಂದಾಗಲೆಲ್ಲ ಡಾಕ್ಟರು ನನ್ನತ್ತ ತಿರುಗಿ, ನಿಮ್ಮ ಅಕ್ಕನಿಗೆ ಒಂದು ಫೋನು ಮಾಡಿ ಎನ್ನುವುದು ರೂಢಿಯಾಯಿತು. ನಾನು ಮಾಡುತ್ತಿದ್ದೆ. ಅವರು ಬುಟ್ಟಿಯನ್ನು ಪಕ್ಕದವರಿಗೆ ಒಪ್ಪಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡು ಬರುತ್ತಿದ್ದರು. ಎಷ್ಟು ತೊಳೆದರೂ ಸೋಪಿನ ಅಡಿಯಿಂದ ಸಣ್ಣಗೆ ಮೀನು ನಾರುತ್ತಿತ್ತು. ಒಮ್ಮೊಮ್ಮೆ ಭರವಸೆ ಹೆಚ್ಚಾಗಿಯೇ ಕೊಡುತ್ತಿದ್ದರು. ಬೈಂದೂರಿನ ಹುಡುಗಿಯೊಬ್ಬಳ ಮೂಗು ಸ್ಕೂಟರ್ ಅಪಘಾತದಲ್ಲಿ ಹರಿದಿತ್ತು. ಹಣೆಯ ಚರ್ಮವನ್ನು ತಿರುಗಿಸಿ ತಂದು ಮೂಗು ಮಾಡುವುದೆಂದು ತೀರ್ಮಾನವಾಗಿತ್ತು. ಅಕ್ಕ ಅವಳಿಗೆ, ಮುಂಚಿನದಕ್ಕಿಂತ ಚೆಂದದ ಮೂಗು ಬರುತ್ತದೆ ಎಂದುಬಿಟ್ಟರು. ಡಾಕ್ಟರಿಗೆ ಸಿಟ್ಟು ಬಂತು. ಅವರನ್ನು ಹೊರಗೆ ಕರೆದು, ನೀವು ಹೀಗೆ ಹೇಳಿದರೆ ನಾಳೆ ಕನ್ನಡಿ ನೋಡಿ ಅಳುವವಳು ಅವಳು, ಉತ್ತರ ಕೊಡಬೇಕಾದವನು ನಾನು ಎಂದರು. ಅಕ್ಕ ಒಳಗೆ ಹೋಗಿ ಮಾತು ತಿದ್ದಿದರು. ಮುಂಚಿನ ಹಾಗೆ ಆಗುವುದಿಲ್ಲ, ಆದರೆ ಉಸಿರಾಡಲು, ಮೂಗುತಿ ಹಾಕಲು, ಜನರ ಎದುರು ತಲೆಯೆತ್ತಿ ನಡೆಯಲು ಸಾಕಾಗುವ ಮೂಗು ಬರುತ್ತದೆ ಎಂದರು. ಆ ಹುಡುಗಿ ಒಪ್ಪಿದ್ದು ಎರಡನೆಯ ಮಾತಿಗೆ.

ಎಲ್ಲರೂ ಒಪ್ಪುತ್ತಿರಲಿಲ್ಲ. ಅಕ್ಕ ಮಾತಾಡಿ ಹೋದ ಮೇಲೂ ಆಪರೇಶನ್ ಬೇಡವೆಂದು ಡಿಸ್ಚಾರ್ಜ್ ಬರೆಸಿಕೊಂಡು ಹೋದವರಿದ್ದಾರೆ. ಹಾಗಾದ ದಿನ ಅವರು ಯಾರಿಗೂ ಚೌಕಾಸಿ ಮಾಡಲು ಬಿಡುತ್ತಿರಲಿಲ್ಲವಂತೆ, ಮಾರುಕಟ್ಟೆಯ ಹೆಂಗಸರು ಹೇಳುತ್ತಾರೆ.

ನನ್ನ ತಮ್ಮನ ಸರದಿಯೂ ಬಂತು. ಅವನು ಕುಂದಾಪುರ ಬೈಂದೂರು ನಡುವೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ಬಸ್ಸಿನಲ್ಲಿ ಒಂದು ಗೀರೂ ಮಾಡಿಕೊಳ್ಳದವನು ರಜೆಯ ದಿನ ಬೈಕಿನಲ್ಲಿ ಹೋಗಿ ತ್ರಾಸಿಯ ಹತ್ತಿರ ಹೆದ್ದಾರಿಗೆ ಹರಡಿದ್ದ ಮರಳಿನಲ್ಲಿ ಜಾರಿದ. ಎಡಗಾಲಿನ ಮುಂದಿನ ಎಲುಬು ಮುರಿದು, ಮೇಲಿನ ಚರ್ಮ ಹರಿದು ಹೋಗಿತ್ತು. ಮೂಳೆ ಡಾಕ್ಟರು ಹೊರಗಿನಿಂದ ಸರಳು ಹಾಕಿ ಎಲುಬನ್ನು ಕೂಡಿಸಿದರು. ಆದರೆ ಎಲುಬು ಹೊರಗೆ ಕಾಣುತ್ತಿತ್ತು. ಹಾಗೆಯೇ ಬಿಟ್ಟರೆ ಕೀವು ತುಂಬುತ್ತದೆ. ಅದನ್ನು ಮುಚ್ಚಲು ಹಿಂದಿನ ಮೀನಖಂಡದ ಮಾಂಸವನ್ನು ಮುಂದಕ್ಕೆ ತಿರುಗಿಸಬೇಕು ಎಂದು ನಮ್ಮ ಡಾಕ್ಟರು ಹೇಳಿದರು.

ತಮ್ಮ ಬೇಡವೆಂದ. ಕತ್ತರಿಸಿಬಿಡಿ, ಮರದ ಕಾಲು ಹಾಕಿಸಿಕೊಳ್ಳುತ್ತೇನೆ ಎಂದ. ಮುರಿದದ್ದು ಕ್ಲಚ್ಚಿನ ಕಾಲು. ಅದರಲ್ಲಿ ಅಲ್ಲಿಂದಿಲ್ಲಿಗೆ ಹಚ್ಚಿದ ಮಾಂಸ ಇಟ್ಟುಕೊಂಡು ಬಸ್ಸು ಓಡಿಸಲು ತನಗೆ ಯಾರು ಕೊಡುತ್ತಾರೆ ಎಂದ. ನಾನು ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದನ್ನೆಲ್ಲ ಹೇಳಿದೆ. ಅಮ್ಮ ಕಾಲು ಹಿಡಿಯುವುದೊಂದು ಬಾಕಿ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಕೊನೆಗೆ ಅಕ್ಕನಿಗೆ ಫೋನು ಮಾಡಿದೆ. ಫೋನಿನಲ್ಲಿ ನನಗೆ ಮಾತು ಮುಗಿಸಲು ಆಗಲಿಲ್ಲ. ಅಕ್ಕ ಬರುತ್ತೇನೆ ಎಂದಷ್ಟೇ ಹೇಳಿದರು.

ಬಂದವರು ಹಾಸಿಗೆಯ ಮೇಲೆಯೇ ಕೂತರು. ಅದು ನಮ್ಮ ನಿಯಮಕ್ಕೆ ವಿರುದ್ಧ, ಅವರಿಗೆ ಹೇಳಿ ಪ್ರಯೋಜನವಿಲ್ಲ. ಯಾವ ಮಾಂಸ ತರುವುದಂತೆ ಎಂದು ನನ್ನನ್ನು ಕೇಳಿದರು. ಮೀನಖಂಡ ಎಂದೆ.

"ಕಾಲಿನಗೂ ಮೀನಿತ್ತಾ? ಮೀನಿನ ವಿಷ್ಯ ಆರೆ ನನ್ನತ್ರ ಕೇಣ್ಕ್," ಎಂದರು.

ತಮ್ಮ ತಿರುಗಲಿಲ್ಲ. ಅಕ್ಕ ಬಲಗೈ ಮುಂದೆ ಮಾಡಿ, ಇದು ಎಲ್ಲಿಯದು ಹೇಳು ಎಂದರು. ಅವನು ಗೋಡೆಗೇ ಹೇಳಿದ, ಹೊಟ್ಟೆಯದೆಂದು ಇಡೀ ತ್ರಾಸಿಗೆ ಗೊತ್ತಿದೆ ಎಂದು. ಅವರ ಎರಡು ಬಾಣವೂ ಹೀಗೆ ವ್ಯರ್ಥವಾದದ್ದು ನಾನು ಕಂಡಿರಲಿಲ್ಲ. ಅವರು ಕೈಯನ್ನು ಮಡಿಲಿಗೆ ಎಳೆದುಕೊಂಡು ದನಿ ತಗ್ಗಿಸಿದರು. ಅವರು ಆಡಿದ ಮಾತನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಅದೆಲ್ಲ ನಗ್ಸುಕ್ ಹೇಳುದ್ ಮಗಾ. ಮನಿಗ್ ಹೋದ್ ಮೇಲೆ ಈ ಕೈ ಕಂಡ್ರೆ ನಂಗೇ ಆತಿರ್ಲಿಲ್ಲ. ಯಾರ್ದೋ ಕೈ ತಂದ್ ಹಚ್ಚಿದಂಗ್ ಇತ್ತ್. ಮೊಮ್ಮಗಳಿಗ್ ಈ ಕೈಯಗ್ ತುತ್ತ್ ಕೊಡ್ತಿರ್ಲಿಲ್ಲ. ಸೆರ್ಗಿನ್ ಅಡಿಗ್ ಹಾಕ್ಕಂಡ್ ಕೂಕಂತಿದ್ದೆ. ಯಾರಿಗೂ ಕಾಣ್ದಂಗ್ ಕಣ್ಣೀರ್ ಹಾಕಿದ್ದೂ ಇತ್ತ್."

ನನ್ನ ತಮ್ಮ ತಲೆ ತಿರುಗಿಸಿ ಅವರ ಕೈ ನೋಡಿದ. ತುಸು ಹೊತ್ತಿನ ಮೇಲೆ ಕೇಳಿದ.

"ಮತ್ತೆ ನಿಮ್ದ್ ಅಂದೇಳಿ ಆದ್ ಯಾವಾಗ?"

"ಒಂದಿನ ಸಂಜಿಗ್ ಬುಟ್ಟಿ ತೊಳಿತಾ ಕೂಕಂಡಿದ್ದೆ. ನುಸಿ ಕಚ್ತ್. ಎಡ್ಗೈಯಗ್ ಒಂದ್ ಹೊಡ್ದೆ. ಹೊಡ್ದ್ ಮೇಲೆ ಕಾಣ್ತೆ, ಕಚ್ಚಿದ್ ತೇಪಿ ಮೇಲೆ. ಹೊಟ್ಟಿಯಿಂದ ಬಿಡ್ಸಿದ್ ಮೇಲೆ ಅಲ್ಲಿವರಿಗೆ ಅಲ್ಲ್ ಸೂಜಿ ಚುಚ್ಚಿರೂ ಗೊತ್ತಾತಿರ್ಲಿಲ್ಲ. ನುಸಿ ಕಚ್ಚಿದ್ ನಂಗ್ ಗೊತ್ತಾಯ್ತಲೆ? ಆಗ್ಲೇ ಅದ್ ನಂದಾಯ್ತ್."

ಅಕ್ಕ ಅವನ ಹೊದಿಕೆ ಸರಿಮಾಡಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅವರು ಹೋಗಿ ಸ್ವಲ್ಪ ಹೊತ್ತಾದ ಮೇಲೆ, ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಅವನು ನನ್ನನ್ನು ಕೇಳಿದ.

ಕಾಲು ಉಳಿಯಿತು. ಸುಲಭವಾಗಿ ಉಳಿಯಲಿಲ್ಲ. ಮಾಂಸ ಹಿಡಿಯಿತು, ಅದರ ಮೇಲೆ ತೊಡೆಯ ತೆಳು ಚರ್ಮ ಹಾಕಿದ್ದು ಹಿಡಿಯಿತು, ಎಲುಬು ಮಾತ್ರ ಕೂಡಿಕೊಳ್ಳಲು ತನ್ನಷ್ಟು ಕಾಲ ತೆಗೆದುಕೊಂಡಿತು. ವರ್ಷ ದಾಟಿದ ಮೇಲೆ ಅವನು ಮತ್ತೆ ಅದೇ ರೂಟಿನಲ್ಲಿ ಕೂತ. ಅಕ್ಕ ಆ ಬಸ್ಸನ್ನು ಕಾದು ಹತ್ತುತ್ತಿದ್ದರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ಈ ಡ್ರೈವರನ ಕಾಲಲ್ಲಿ ಮೀನಿದೆ, ನೀರು ಕಂಡರೆ ಬಸ್ಸು ಆ ಕಡೆ ಎಳೆಯುತ್ತದೆ, ಗಟ್ಟಿ ಹಿಡಿದುಕೊಳ್ಳಿ ಎಂದು ಪ್ರಯಾಣಿಕರಿಗೆ ಹೇಳುತ್ತಿದ್ದರು. ಆ ದಾರಿಯಲ್ಲಿ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ಅವರ ಮನೆಯ ಮುಂದೆ ಸ್ಟಾಪಿಲ್ಲ, ಆದರೂ ತಮ್ಮ ಅಲ್ಲಿ ಬ್ರೇಕು ಒತ್ತುತ್ತಿದ್ದ. ಕಂಡಕ್ಟರು ಗೊಣಗುತ್ತಿದ್ದ.

ಅವರ ಬೊಜ್ಜಕ್ಕೆ, ಎಂದರೆ ಉತ್ತರಕ್ರಿಯೆಯ ಊಟಕ್ಕೆ, ನಾನು, ತಮ್ಮ, ಡಾಕ್ಟರು ಒಟ್ಟಿಗೆ ಹೋದೆವು. ಪರಿಚಯವಿದ್ದ ಒಬ್ಬಿಬ್ಬರು ಹಳೆಯ ರೋಗಿಗಳಿಗೆ ನಾನು ಸುದ್ದಿ ತಿಳಿಸಿದ್ದೆ, ಅವರು ಉಳಿದವರಿಗೆ ತಿಳಿಸಿದ್ದರು. ಶಾಮಿಯಾನದಡಿ ನಮ್ಮವರೇ ಒಂದು ಸಾಲು ಕೂತರು. ಶಂಕರನಾರಾಯಣದ ಕೃಷಿಕರು, ಮೂಗುತಿ ಹಾಕಿಕೊಂಡು ಗಂಡನ ಜೊತೆ ಬಂದ ಬೈಂದೂರಿನ ಹುಡುಗಿ, ನನಗೇ ಹೆಸರು ಮರೆತುಹೋಗಿದ್ದ ಕೆಲವರು. ಅಕ್ಕನನ್ನು ಹೆಚ್ಚು ಸತಾಯಿಸಿದ್ದು ಯಾರು ಎಂದು ಅವರೊಳಗೆ ಚರ್ಚೆ ನಡೆದಿತ್ತು. ಕೃಷಿಕರು ತಾವೇ ಎಂದು ಪಟ್ಟು ಹಿಡಿದಿದ್ದರು.

ಪಾಯಸ ಬಡಿಸುತ್ತ ಬಂದ ಅಕ್ಕನ ಮಗ ನಮ್ಮ ಸಾಲಿನಲ್ಲಿ ನಿಧಾನಿಸಿದ. ತಮ್ಮನನ್ನು ಬಸ್ಸಿನವರು ಎಂದು ಗುರುತಿಸಿದ. ಉಳಿದವರ ಮುಖಗಳನ್ನು ಒಂದೊಂದಾಗಿ ನೋಡಿ, ಪಾಯಸದ ಪಾತ್ರೆ ಕೆಳಗಿಟ್ಟು, ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತ. ಇಷ್ಟು ವರ್ಷದಿಂದ ಕೇಳಬೇಕೆಂದಿದ್ದೆ ಎಂದ. ಅಬ್ಬಿಯ ಕೈಯಲ್ಲಿ ಅಷ್ಟು ದೊಡ್ಡ ತೊಂದರೆ ಏನಿತ್ತು? ಮೀನು ಕೊಯ್ಯುತ್ತಿದ್ದಳು, ಬುಟ್ಟಿ ಎತ್ತುತ್ತಿದ್ದಳು, ಮಕ್ಕಳಿಗೆ ಜಡೆ ಹಾಕುತ್ತಿದ್ದಳು. ಆದರೂ ಮೇಲಿಂದ ಮೇಲೆ ಆಸ್ಪತ್ರೆ. ಎಷ್ಟು ತೋರಿಸಿದರೂ ವಾಸಿ ಮಾಡದ ಆ ಡಾಕ್ಟರನ್ನು ಒಂದು ದಿನ ಬಂದು ವಿಚಾರಿಸಿಕೊಳ್ಳಬೇಕೆಂದು ಅವನಿಗೆ ಸಿಟ್ಟೂ ಇತ್ತಂತೆ. ಅವನಿಗೆ ಗುರುತು ಸಿಕ್ಕಿರದ ಡಾಕ್ಟರು ನನ್ನ ಪಕ್ಕದಲ್ಲೇ ಎಲೆಯ ಮೇಲೆ ಬಾಗಿದರು.

ಅಕ್ಕ ಮನೆಯಲ್ಲಿ ಹೇಳಿರಲೇ ಇಲ್ಲ ಎಂಬುದು ನನಗೆ ಗೊತ್ತಾದದ್ದು ಆಗ. ಇಡೀ ಬಸ್ಸಿಗೆ ಹೊಟ್ಟೆಯ ಚರ್ಮದ ಕತೆ ಹೇಳಿದವರು ಇದೊಂದನ್ನು ಹೇಳಿರಲಿಲ್ಲ.

ಹೋಗುವಾಗ ಏನೆಂದು ಹೇಳಿ ಹೋಗುತ್ತಿದ್ದರು ಎಂದು ನಾನು ಕೇಳಿದೆ.

"ಕೈ ತೋರ್ಸುಕ್ ಹೋತೆ ಅಂದೇಳಿ ಹೋತಿದ್ಲ್," ಎಂದ ಮಗ.

ಸುಳ್ಳು ಹೇಳಿರಲಿಲ್ಲ. ಬೈಂದೂರಿನ ಹುಡುಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಕೈ ಮೊದಲ ವರ್ಷವೇ ವಾಸಿಯಾಗಿತ್ತು ಎಂದು ನಾನು ಹೇಳಿದೆ.

"ಹಂಗಾರೆ ಅಷ್ಟ್ ಸಲ ಎಂತಕ್ ಹೋದ್ದ್?"

ನನ್ನ ತಮ್ಮ ಎಡಗಾಲನ್ನು ಮುಂದೆ ಚಾಚಿ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿದ. ಮೀನಖಂಡದ ಮಾಂಸ ಮುಂದೆ ಬಂದು ಕೂತ ಜಾಗ ಸ್ವಲ್ಪ ಉಬ್ಬಿ, ನಯವಾಗಿ ಹೊಳೆಯುತ್ತಿತ್ತು.

"ಇದ್ಕೆ," ಎಂದ.

ಮಗ ಅದನ್ನು ನೋಡಿದ. ಬೆರಳು ಮುಂದೆ ತಂದು ಮೆಲ್ಲಗೆ ಮುಟ್ಟಿದ. ಅಷ್ಟರಲ್ಲಿ ಕೃಷಿಕರು ತಮ್ಮ ಎರಡು ಬೆರಳುಗಳನ್ನು ಅವನ ಮುಂದೆ ಹಿಡಿದಿದ್ದರು, ಅವರ ಆಚೆಯವರು ಅಂಗಿಯ ತೋಳು ಮಡಚುತ್ತಿದ್ದರು. ಅವನು ಎದ್ದು ನಿಂತು ಒಳಮನೆಯ ಕಡೆಗೆ ತಿರುಗಿ ಹೆಂಡತಿಯನ್ನು ಕರೆದ.

"ಹ್ವಾಯ್, ಬಡ್ಸುದ್ ಒಂಚೂರ್ ನಿಲ್ಸ್. ಮಕ್ಳನ್ ಕರ್ಕಂಡ್ ಇಲ್ ಬಾ. ಅಬ್ಬಿ ಕೆಲ್ಸ ಕಾಣ್."